ಅದುರುವ ರೆಪ್ಪೆಗೆ ಒತ್ತಡವೊಂದೇ ಕಾರಣವೇ?

ಕಾರಣ ತಿಳಿಯದ ಸ್ನಾಯು ಅದುರುವಿಕೆಗೆ ಬದುಕಿನ ಒತ್ತಡವೇ ಮೂಲ, ಚಿಂತೆ ಬಿಟ್ಟರೆ ತಾನಾಗಿ ನಿಲ್ಲುತ್ತದೆ ಎಂಬ ವಾದ ಅರ್ಧ ನಿಜ. ಪುಣೆಯ ಸದಾಶಿವ ಪೇಠದಲ್ಲಿ ಅದರ ಬಲಹೀನತೆ ಕಾಣುತ್ತದೆ. ಎಂಪಿಎಸ್‌ಸಿ, ಯುಪಿಎಸ್‌ಸಿ ನೌಕರಿ ಪರೀಕ್ಷೆಗಳಿಗೆ ಓದುವವರಿಂದ ತುಂಬಿದ ಅಲ್ಲಿನ ಬಾಡಿಗೆ ಓದುಕೋಣೆಗಳಲ್ಲಿ ಪರೀಕ್ಷೆಯ ಭಯ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ನಿದ್ದೆಗೇಡು, ‘ಅಮೃತತುಲ್ಯ’ ಎಂಬ ಚಹಾ ಅಂಗಡಿಯ ಚಹಾದ ಮೇಲೆ ಚಹಾ, ಗಂಟೆಗಟ್ಟಲೆ ಪುಸ್ತಕದಲ್ಲಿ ನೆಟ್ಟ ಕಣ್ಣು. ಕೆಳರೆಪ್ಪೆ ಪಟಪಟನೆ ಅದುರಲು ಇವುಗಳಲ್ಲಿ ಯಾವುದು ಕಾರಣವೆಂದು ಬಿಡಿಸಿ ಹೇಳಲಾಗದು. ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವುದು ಸುಲಭ, ಅಷ್ಟೆ.

ಚಿಂತೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಅದುರುವ ಜಾಗದ ಮೇಲೇ ಗಮನ ನೆಟ್ಟು, ದೊಡ್ಡ ರೋಗವಿರಬೇಕೆಂಬ ಹೆದರಿಕೆ ಬೆಳೆಸುತ್ತದೆ. ಆ ಹೆದರಿಕೆಗೆ ಆಧಾರ ಕಡಿಮೆ. ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರಪಾಯದ ಅದುರುವಿಕೆಯಿದ್ದ 121 ಮಂದಿಯಲ್ಲಿ ಒಬ್ಬರಿಗೂ ಮುಂದೆ ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ರೋಗ (ಮೋಟಾರ್ ನ್ಯೂರಾನ್ ರೋಗ) ಬರಲಿಲ್ಲ.

ಆದರೂ ‘ಒತ್ತಡವಷ್ಟೇ’ ಎಂಬ ಸಮಾಧಾನ ಎಲ್ಲರಿಗೂ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ವಿವರಿಸಿದ, ಒಂದೇ ಕೈ ಅಥವಾ ಕಾಲು ಸೊರಗುವ, ಅದುರುವಿಕೆಯೂ ಇರಬಹುದಾದ ಕಾಯಿಲೆ ಹೆಚ್ಚಾಗಿ ಕಾಣುವುದು ಹರೆಯದ ಗಂಡಸರಲ್ಲಿ. ಓದುಕೋಣೆಯ ವಯಸ್ಸೂ ಅದೇ. ಅಂಗಿಯ ಗುಂಡಿ ಹಾಕಲು ಬೆರಳು ಸೋತರೆ, ಹೆಬ್ಬೆರಳ ಬುಡದ ಮಾಂಸ ಇಳಿದರೆ ನರರೋಗ ತಜ್ಞರ ಬಳಿ ಹೋಗಬೇಕು. ಬಲ ಕುಂದದೆ ಅದುರುವಿಕೆಯಷ್ಟೇ ವಾರಗಟ್ಟಲೆ ಉಳಿದರೆ ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ, ನುಂಗುವ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಸರಿ.