ಕತ್ತಲೆಗೂ ಕಾಸು ಕೊಟ್ಟಿರಿ!

ಮೂರು ಗಂಟೆ ಸಿನಿಮಾ ನೋಡಿ, ಶಿಳ್ಳೆ ಹೊಡೆದು, ಗಂಟಲು ಕಟ್ಟಿಸಿಕೊಂಡು ಹೊರಗೆ ಬರ್ತಿದ್ದಿರಲ್ಲ, ಅದರಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆ ಪರದೆಯ ಮೇಲೆ ಏನೂ ಇರಲಿಲ್ಲ ಅಂದ್ರೆ ನಂಬ್ತೀರಾ? ಬರೀ ಕತ್ತಲು! ತಲೆ ಕೆಟ್ಟಿದೆಯಾ ಅಂತ ಬಯ್ಯಬೇಡಿ. ರೀಲು ಓಡುತ್ತಿದ್ದ ಕಾಲದ ಲೆಕ್ಕ ಹೇಳ್ತೀನಿ, ಕೇಳಿ.

ಪಿಯುಸಿಗೇ ಶರಣು ಹೊಡೆದ ನನಗೆ ಭೌತಶಾಸ್ತ್ರ ತಲೆಗೆ ಹತ್ತಿದ್ದು ಕ್ಲಾಸಿನಲ್ಲಲ್ಲ, ಟಾಕೀಸಿನ ಪ್ರೊಜೆಕ್ಟರ್ ರೂಮಿನಲ್ಲಿ. ಪಾಠ ಹೇಳಿದವರು ಅಲ್ಲಿನ ಹಳೇ ಆಪರೇಟರಣ್ಣ.

ಸೆಕೆಂಡಿಗೆ 24 ಚಿತ್ರ. ಇದು ನಿಮಗೂ ಗೊತ್ತು. ಆದರೆ ಫಿಲಂ ಸರಸರನೆ ಓಡಿದರೆ ಪರದೆ ಮೇಲೆ ಕಾಣೋದು ಬರೀ ಗೀರು. ಅದಕ್ಕೇ ಒಂದು ಶಿಲುಬೆಯಾಕಾರದ ಹಲ್ಲಿನ ಚಕ್ರ ಪ್ರತಿ ಚಿತ್ರವನ್ನೂ ದೀಪದ ಮುಂದೆ ಎಳೆದು ನಿಲ್ಲಿಸುತ್ತೆ, ಮತ್ತೆ ಎಳೆಯುತ್ತೆ. ಎಳೆಯುವಾಗ ಷಟರ್ ಬೆಳಕನ್ನು ಮುಚ್ಚುತ್ತೆ. ಚಿತ್ರ ನಿಂತಾಗಲೂ ಇನ್ನೊಂದು ಸಲ ಮುಚ್ಚುತ್ತೆ. ಹಾಗಾಗಿ ಸೆಕೆಂಡಿಗೆ 48 ಸಲ ಬೆಳಕು, 48 ಸಲ ಕತ್ತಲು. ಇಷ್ಟು ಬೇಗ ಆದರೆ ನಮ್ಮ ಕಣ್ಣಿಗೆ ಮಿಣಕು ಗೊತ್ತಾಗಲ್ಲ. ನಡುವಿನ ಕತ್ತಲನ್ನೆಲ್ಲ ಮಿದುಳು ನುಂಗಿಬಿಡುತ್ತೆ. ಫೈಟಿಂಗ್ ಅರ್ಧ ಪರದೆ ಮೇಲೆ, ಅರ್ಧ ನಿಮ್ಮ ತಲೆಯೊಳಗೆ!

ಇನ್ನೊಂದು ತಮಾಷೆ. ಹೀರೋ ಬಾಯಿ ತೆರೆದ ಚಿತ್ರದ ಪಕ್ಕದಲ್ಲೇ ಅವನ ಮಾತು ಇರಲ್ಲ. ಫಿಲಂನ ಅಂಚಿನಲ್ಲಿ ಸುಮಾರು 20 ಚಿತ್ರದಷ್ಟು ಮುಂದೆ ಅಚ್ಚಾಗಿರುತ್ತೆ. ಯಾಕೆ ಅಂದ್ರೆ ಚಿತ್ರಕ್ಕೆ ನಿಂತು ನಿಂತು ಹೋಗಬೇಕು, ಶಬ್ದಕ್ಕೆ ಒಂದೇ ಸಮ ಓಡಬೇಕು. ಎರಡೂ ಒಂದೇ ಜಾಗದಲ್ಲಿ ಆಗೋ ಕೆಲಸವಲ್ಲ. ಅದಕ್ಕೆ ಶಬ್ದ ಓದುವ ದೀಪ ಚಿತ್ರದ ಕಿಂಡಿಯಿಂದ ಸ್ವಲ್ಪ ಕೆಳಗೆ. ಆಪರೇಟರ್ ಫಿಲಂ ಸುತ್ತುವಾಗ ನಡುವೆ ಬಿಡುವ ಕುಣಿಕೆ ಉದ್ದವಾದರೆ ಮುಗೀತು, ತುಟಿ ಒಂದು ಕಡೆ, ಡೈಲಾಗ್ ಇನ್ನೊಂದು ಕಡೆ!

ಪರದೆಯ ಬಲಮೂಲೆಯಲ್ಲಿ ಆಗಾಗ ಒಂದು ಚುಕ್ಕೆ ಮಿಂಚುತ್ತಿದ್ದದ್ದು ನೆನಪಿದೆಯಾ? ನಮಗಲ್ಲ, ಆಪರೇಟರಣ್ಣನಿಗೆ. ಮೊದಲ ಚುಕ್ಕೆಗೆ ಎರಡನೇ ಪ್ರೊಜೆಕ್ಟರಿನ ಮೋಟಾರು ಚಾಲೂ. ಏಳೆಂಟು ಸೆಕೆಂಡು ಬಿಟ್ಟು ಬರುವ ಎರಡನೇ ಚುಕ್ಕೆಗೆ ರೀಲು ಬದಲು. ಸಾವಿರ ಅಡಿ ಫಿಲಂ ಓಡೋದು 11 ನಿಮಿಷ. ಮೂರು ಗಂಟೆಯ ಚಿತ್ರ ಅಂದ್ರೆ 16,200 ಅಡಿ, ಸುಮಾರು ಐದು ಕಿಲೋಮೀಟರ್! ಜತೆಗೆ ಉರಿದು ಸವೆಯುವ ಕಾರ್ಬನ್ ಕಡ್ಡಿಗಳ ಅಂತರವನ್ನೂ ನೋಡಿಕೊಳ್ಳಬೇಕು. ಕಣ್ಣು ತಪ್ಪಿದರೆ ಪರದೆ ಮಂಕು, ಕೆಳಗಿನಿಂದ ನಮ್ಮ ಬೈಗುಳ. ಸೆಕೆ, ಹೊಗೆ, ಆ ಬೈಗುಳ ಎಲ್ಲ ಅವರ ಪಾಲಿಗೆ. ಚಪ್ಪಾಳೆ ಮಾತ್ರ ಹೀರೋಗೆ.

ಈಗ ಡಿಜಿಟಲ್ ಬಂದಿದೆ. ಚುಕ್ಕೆಯಿಲ್ಲ, ಕಡ್ಡಿಯಿಲ್ಲ. ಚಿತ್ರ ಚೊಕ್ಕವಾಗಿದೆ, ನನಗೇನೂ ತಕರಾರಿಲ್ಲ. ನನ್ನ ಚಿಂತೆ ಆ ರೀಲುಗಳದ್ದು. ಹಳೇ ಕಪ್ಪು-ಬಿಳುಪು ಫಿಲಂನಲ್ಲಿ ಬೆಳ್ಳಿಯ ಅಂಶವಿರುತ್ತೆ. ಅದನ್ನು ತೆಗೆಯೋದಕ್ಕೆಂದೇ ನಮ್ಮ ದೇಶದಲ್ಲಿ ಎಷ್ಟೋ ಚಿತ್ರಗಳನ್ನು ಹಾಳುಗೆಡವಿದರು. 1934ರಲ್ಲಿ ಬಂದ ನಮ್ಮ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನಾ', ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬಾ ಸುಲೋಚನೆಯಾಗಿ ನಟಿಸಿದ ಚಿತ್ರ, ಇವತ್ತು ನೋಡೋಣ ಅಂದ್ರೆ ಒಂದು ಪ್ರಿಂಟೂ ಸಿಗಲ್ಲ. ಕನ್ನಡ ಮೊದಲು ಮಾತಾಡಿದ ಚಿತ್ರವನ್ನೇ ನಾವು ಕಳೆದುಕೊಂಡು ಕೂತಿದ್ದೀವಿ ಸ್ವಾಮಿ!

ಅದಕ್ಕೇ ಒಂದು ಮಾತು ಅಭಿಮಾನಿ ದೇವರುಗಳೇ. ನಿಮ್ಮೂರಲ್ಲಿ ಬಾಗಿಲು ಹಾಕಿದ ಟಾಕೀಸೋ, ಟೆಂಟಿನವರ ಮನೆಯ ಅಟ್ಟವೋ ಇದ್ದರೆ, ತುಕ್ಕು ಹಿಡಿದ ಡಬ್ಬಗಳಿವೆಯಾ ಅಂತ ವಿಚಾರಿಸಿ. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂದರೆ ಫಿಲಂ ಕೊಳೆಯೋಕೆ ಶುರುವಾಗಿದೆ ಅಂತ ಅರ್ಥ. ತಂಪು ಜಾಗದಲ್ಲಿಡಿ, ಬೀಡಿ-ಬೆಂಕಿ ಹತ್ತಿರ ಬಿಡಬೇಡಿ. ತುಂಬ ಹಳೇ ನೈಟ್ರೇಟ್ ಫಿಲಂ ಒಮ್ಮೆ ಹೊತ್ತಿದರೆ ನೀರು ಹಾಕಿದರೂ ಆರಲ್ಲ. ಆಮೇಲೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಕಾಗದ ಹಾಕಿ. 1964ರಿಂದ ಇದೇ ಕೆಲಸ ಮಾಡ್ತಿರೋರು ಅವರು.

ಕಟೌಟಿಗೆ ಹಾಲು ಆಮೇಲೆ ಹುಯ್ಯೋಣ. ಡಬ್ಬ ಗುಜರಿಗೆ ಹೋಗದ ಹಾಗೆ ಮೊದಲು ನೋಡಿಕೊಳ್ಳೋಣ. ಏನಂತೀರಿ?