ಗೊಂಬೆಯ ತುಟಿಗೂ ಕನ್ನಡ ಬೇಕು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮನೆಮನೆಗಳಲ್ಲಿ ಎಳೆಯ ಮಕ್ಕಳು ಊಟಕ್ಕೆ ಕುಳಿತಾಗಲೂ ಮೊಬೈಲು ಹಿಡಿದು ಗೊಂಬೆಗಳ ಚಲನಚಿತ್ರಗಳನ್ನು ನೋಡುತ್ತಿರುತ್ತಾರೆ. ಇದು ಒಳಿತೊ ಕೆಡುಕೊ ಎಂಬ ಚರ್ಚೆಯನ್ನು ಪ್ರಕೃತ ನಾವು ಎತ್ತಿಕೊಳ್ಳುವುದಿಲ್ಲ. ನಮ್ಮ ವಾಚಕ ಮಹಾಶಯರು ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತು ಆ ಗೊಂಬೆಯ ಬಾಯನ್ನು ಮಾತ್ರ ಲಕ್ಷ್ಯವಿಟ್ಟು ನೋಡಬೇಕೆಂದು ವಿಜ್ಞಾಪಿಸುತ್ತೇವೆ. ಕಿವಿಗೆ 'ಅಮ್ಮ' ಎಂದು ಕೇಳಿಸುವಾಗ ತುಟಿಗಳು ತೆರೆದೇ ಇರುತ್ತವೆ. ಮಾತು ಮುಗಿದ ಮೇಲೂ ಬಾಯಿ ಆಡುತ್ತಲೇ ಇರುತ್ತದೆ. ಧ್ವನಿ ಕನ್ನಡದ್ದು, ತುಟಿ ಪರದೇಶದ್ದು.

ಅನಿಮೇಷನ್ ಮಾಡುವವರು ಕಂಪ್ಯೂಟರಿನಲ್ಲಿ ಗೊಂಬೆಯ ಮುಖದೊಳಗೆ 'ರಿಗ್' ಎಂಬ ಕೀಲುಗಳ ವ್ಯವಸ್ಥೆಯನ್ನು ಕಟ್ಟುತ್ತಾರೆ. ಹುಬ್ಬು, ರೆಪ್ಪೆ, ಕೆನ್ನೆ, ತುಟಿಗಳನ್ನು ಬೇರೆಬೇರೆಯಾಗಿ ಎಳೆಯುವುದಕ್ಕೂ ಸಡಿಲಿಸುವುದಕ್ಕೂ ಇದೇ ಸಾಧನ. ಎಕ್ಮನ್ ಮತ್ತು ಫ್ರೀಸೆನ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಮುಖಚಲನೆಗಳ ಪಟ್ಟಿಯು ಈ ಕೆಲಸಕ್ಕೆ ಬಹುಮಟ್ಟಿಗೆ ಆಧಾರವಾಗಿದೆ. ಭರತನ ನಾಟ್ಯಶಾಸ್ತ್ರವು ಕಣ್ಣು, ಹುಬ್ಬು, ಮೂಗು, ತುಟಿ, ಕೆನ್ನೆ, ಗದ್ದಗಳನ್ನು ಆರು ಉಪಾಂಗಗಳಾಗಿ ವಿಂಗಡಿಸಿರುವುದು ಪಾಠಶಾಲೆಯಲ್ಲಿ ಓದಿದವರಿಗೆ ನೆನಪಿದ್ದೀತು. ಕೋಪಕ್ಕೆ ಹುಬ್ಬು ಗಂಟಿಕ್ಕುವುದನ್ನು ಯಾರಿಂದ ಎರವಲು ತಂದರೂ ನಷ್ಟವಿಲ್ಲ. ಮಾತನಾಡುವ ತುಟಿಯ ವಿಚಾರ ಹಾಗಲ್ಲ.

ಪ್ರೆಸ್ಟನ್ ಬ್ಲೇರ್ ಎಂಬ ಅಮೆರಿಕದ ಚಿತ್ರಕಾರನು ಬರೆದ ಬಾಯಿಯ ಆಕಾರಗಳ ಪಟ್ಟಿಯನ್ನು ಇಂದಿಗೂ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಅದು ಇಂಗ್ಲಿಷಿಗೆ ಒಪ್ಪುವ ಪಟ್ಟಿ. ಅಲ್ಲಿ ಹಲ್ಲು ಕೆಳತುಟಿಯನ್ನು ಕಚ್ಚುವ ಆಕಾರವೊಂದುಂಟು; ನಮ್ಮ 'ಅವ್ವ'ನ ವಕಾರದಲ್ಲಿ ಹಲ್ಲು ಸೋಕಿಯೂ ಸೋಕದಂತಿರುತ್ತದೆ. ಇಂಗ್ಲಿಷಿನಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲಿ ನಿಲ್ಲುತ್ತವೆ. ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ, ತೆರೆದ ಬಾಯಲ್ಲಿ ಮುಗಿಯುತ್ತವೆ. 'ಅಪ್ಪ', 'ಅಮ್ಮ', 'ಹಬ್ಬ' ಎನ್ನುವಾಗ ಒತ್ತಕ್ಷರದ ದೆಸೆಯಿಂದ ತುಟಿಗಳು ಒಂದು ಕ್ಷಣ ಹೆಚ್ಚಾಗಿಯೇ ಮುಚ್ಚಿರಬೇಕು. ನಮ್ಮ ವರ್ಣಮಾಲೆಯಾದರೋ ಕಂಠ, ತಾಲು, ಮೂರ್ಧ, ದಂತ, ಓಷ್ಠಗಳ ಕ್ರಮದಲ್ಲಿಯೇ ನಿಂತಿದೆ. ಕವರ್ಗ ಟವರ್ಗಗಳು ಬಾಯೊಳಗಿನ ವ್ಯಾಪಾರ, ಹೊರಗೆ ಕಾಣುವುದು ಅಲ್ಪ. ಪವರ್ಗಕ್ಕೆ ತುಟಿ ಸೇರಲೇಬೇಕು. ಆಕಾರಗಳ ಪಟ್ಟಿಗೆ ಬೇಕಾದ ಅರ್ಧ ಕೆಲಸವನ್ನು ಪೂರ್ವಿಕರೇ ಮಾಡಿಟ್ಟಿರುವಾಗ ನಾವು ಪರರ ಪಟ್ಟಿಯನ್ನು ನಕಲು ಮಾಡುತ್ತಿರುವುದು ಸೋಜಿಗವಲ್ಲವೆ?

ನಮ್ಮ ತೊಗಲುಗೊಂಬೆಯ ತುಟಿಯೂ ಆಡುತ್ತಿರಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಲುಗದ ಬಾಯನ್ನು ನೋಡುವವನು ಧ್ವನಿಯನ್ನೇ ನಂಬಿ ಕೂರುತ್ತಿದ್ದನು. ಭಾವಕ್ಕೆ ತಕ್ಕಂತೆ ಒಂದೇ ಪಾತ್ರಕ್ಕೆ ಬೇರೆಬೇರೆ ಗೊಂಬೆಗಳೂ ಇರುತ್ತಿದ್ದವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ದೊರೆತುದು ಈ ಕಲೆಗಾಗಿಯೇ.

ಅಲುಗುವ ಬಾಯಿ ಕಿವಿಯನ್ನೂ ದಾರಿ ತಪ್ಪಿಸಬಲ್ಲದು. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬವರು 'ಗ' ಎನ್ನುವ ಬಾಯಿಗೆ 'ಬ' ಎಂಬ ಧ್ವನಿ ಜೋಡಿಸಿ ತೋರಿಸಲು, ಬಹುಮಂದಿಗೆ 'ದ' ಎಂದು ಕೇಳಿಸಿತು. ಮಾತು ಕಲಿಯುವ ಮಗುವಿನ ಕಣ್ಣು ಎದುರಿಗಿರುವವರ ಬಾಯಮೇಲೆಯೂ ಇರುತ್ತದೆ. ಕಿವಿ ಮಂದವಾದ ಮಗುವಿಗಂತೂ ತುಟಿಯೇ ಅರ್ಧ ಮಾತು. ಅಂಥ ಮಗುವಿಗೆ ಈ ಚಿತ್ರಗಳಲ್ಲಿ ಕನ್ನಡವೇ ಇಲ್ಲ.

ಡಬ್ಬಿಂಗಿನ ಹಳೆಯ ಜಗಳವನ್ನು ನಾವು ಕೆದಕುವುದಿಲ್ಲ. ಹೊರಗಿನಿಂದ ಬರುವ ಚಿತ್ರಗಳ ತುಟಿಯನ್ನು ತಿದ್ದಿಸುವುದೂ ನಮ್ಮ ಕೈಲಿಲ್ಲ. ಆದರೆ ಕರ್ನಾಟಕ ಸರ್ಕಾರದವರು ಅನಿಮೇಷನ್ ಉದ್ಯಮಕ್ಕಾಗಿಯೇ 2024ರಿಂದ 2029ರವರೆಗಿನ ನೀತಿಯೊಂದನ್ನು ಹೊರಡಿಸಿದ್ದಾರೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವೂ ಮೈಸೂರಿನಲ್ಲಿಯೇ ಇವೆ. ಇವೆರಡನ್ನೂ ಬೆಂಗಳೂರಿನ ಸ್ಟುಡಿಯೋಗಳವರೊಡನೆ ಕೂಡಿಸಿ, ಕನ್ನಡ ಮಾತಿನ ತುಟಿಯ ಆಕಾರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸುವಂತೆ ಬಿಡುಗಡೆ ಮಾಡಿಸಬೇಕು. ಪಟ್ಟಿಗೆ ಬೆಂಗಳೂರಿನ ನಾಲ್ಕು ಮುಖಗಳನ್ನು ಮಾತ್ರ ಅಳೆದು ಮುಗಿಸದೆ, ಕೋಟೆಯ ಕಾಡಂಚಿನ ಹಾಡಿಗಳ ಮತ್ತು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಜನರ ಮುಖಗಳನ್ನೂ ಅಳೆಯಬೇಕು. ಸರ್ಕಾರದ ಹಣದಿಂದ ಮಕ್ಕಳಿಗಾಗಿ ತಯಾರಾಗುವ ಕನ್ನಡ ಚಿತ್ರಗಳಿಗೆ ಆ ಪಟ್ಟಿಯು ಕಡ್ಡಾಯವಾಗಲಿ.