ಪ್ರೊಬೇಟ್ ಹೋಯಿತು, ಸಾಕ್ಷಿಯ ಹೊಣೆ ಹೋಗಿಲ್ಲ

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೆಯ ಕಲಮನ್ನು 2025ರ ಡಿಸೆಂಬರಿನಲ್ಲಿ ಸಂಸತ್ತು ತೆಗೆದುಹಾಕಿತು. ಮುಂಬಯಿ, ಮದ್ರಾಸು ನಗರಗಳಲ್ಲಿಯೂ ಹಳೆಯ ಬಂಗಾಳ ಪ್ರಾಂತದಲ್ಲಿಯೂ ಹಿಂದೂಗಳೇ ಮೊದಲಾದವರ ಉಯಿಲಿಗೆ ಪ್ರೊಬೇಟ್, ಎಂದರೆ ಉಯಿಲು ನಿಜವೆಂಬ ನ್ಯಾಯಾಲಯದ ಮುದ್ರೆ, ಬೀಳದೆ ಹಕ್ಕು ಸಾಧಿಸುವಂತಿರಲಿಲ್ಲ. ಆಂಗ್ಲರ ಕಾಲದ ಈ ಭೇದ ಅಳಿದುದು ಸ್ವಾಗತಾರ್ಹ. ಆದರೆ ಇನ್ನು ಕೋರ್ಟಿನ ಗೊಡವೆಯೇ ಇಲ್ಲವೆಂದು ಬಗೆಯುವುದು ಅಪಾಯಕರ.

ನಿಲಂಗಾದ ಕಡೆಗೆ ನೋಡೋಣ. 1956ರವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ಈ ತಾಲೂಕು ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋಯಿತು; 1982ರಿಂದ ಲಾತೂರು ಜಿಲ್ಲೆಯಲ್ಲಿದೆ. ಇಲ್ಲಿನ ಹೊಲಮನೆಗಳ ಬಗ್ಗೆ ಇಲ್ಲಿಯೇ ಬರೆದ ಹಿಂದೂಗಳ ಉಯಿಲಿಗೆ ಪ್ರೊಬೇಟಿನ ಕಡ್ಡಾಯ ಹಿಂದೆಯೂ ಇರಲಿಲ್ಲ. ಕಾಸರಗೋಡಿನಲ್ಲಿಯೂ ಇರಲಿಲ್ಲ. ಹಾಗೆಂದು ತಕರಾರು ಎದ್ದಾಗ ರುಜುವಾತು ತಪ್ಪುವುದೇ?

ಉಯಿಲಿಗೆ ಬರೆದವರ ಸಹಿ ಅಥವಾ ಹೆಬ್ಬೆಟ್ಟು ಬೇಕು. ಅವರೆದುರಿಗೇ ಸಹಿ ಹಾಕಿದ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳು ಬದುಕಿದ್ದರೆ ಒಬ್ಬನಾದರೂ ಕಟಕಟೆ ಹತ್ತಿ ಹೇಳಬೇಕು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಉಳಿದಿದೆ. ನೋಂದಣಿ ಕಡ್ಡಾಯವಲ್ಲ, ನೋಂದಣಿಯಾದ ಮಾತ್ರಕ್ಕೆ ಉಯಿಲು ಸಿದ್ಧವಾದಂತೆಯೂ ಅಲ್ಲ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರಲ್ಲಿಯೇ ಇದನ್ನು ಬಿಡಿಸಿ ಹೇಳಿದೆ: ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಬರೆಸಿದ್ದರೆ, ಸಂಶಯ ನಿವಾರಿಸುವ ಹೊಣೆಯೂ ಅವನದೇ.

ಗಡಿಯ ಕನ್ನಡಿಗರಿಗೆ ತೊಡಕು ಇಲ್ಲಿಯೇ. ಮನೆಯಲ್ಲಿ ಕನ್ನಡವಾಡುವ ಮುದುಕಿ ಮರಾಠಿ ಮೃತ್ಯುಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ, ಅದನ್ನು ಆಕೆಗೆ ಓದಿ ತಿಳಿಸಿದವರು ಯಾರು? ಮಗಳಿಗೆ ಪಾಲಿಲ್ಲವೆಂಬ ಸಾಲು ಆಕೆಯ ಮಾತೋ, ಬರೆಸಿದವನ ಮಾತೋ? ಕನ್ನಡದಲ್ಲಿಯೇ ಬರೆಸಿದರೂ ಪ್ರೊಬೇಟ್ ಅರ್ಜಿಯ ಹೊತ್ತಿಗೆ, ಕೋರ್ಟಿನ ಬಳಕೆಯ ಭಾಷೆ ಬೇರೆಯಾದಲ್ಲಿ ಭಾಷಾಂತರ ಲಗತ್ತಿಸಬೇಕೆಂದು 277ನೆಯ ಕಲಮು ವಿಧಿಸುತ್ತದೆ. ಆದರೂ ನಾವು ಕನ್ನಡದ ಪಕ್ಷವನ್ನೇ ಹಿಡಿಯುತ್ತೇವೆ. ಭಾಷಾಂತರವನ್ನು ನಾಳೆಯೂ ಮಾಡಿಸಬಹುದು. ಸತ್ತವರ ಮನಸ್ಸನ್ನು ನಾಳೆ ಕೇಳಲಾಗದು.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ವೀಲುನಾಮೆಯನ್ನು ತಿಳಿಯುವ ಭಾಷೆಯಲ್ಲಿಯೇ ಬರೆಸಿರಿ. ಅನ್ಯಭಾಷೆಯಲ್ಲಿ ಬರೆಸಲೇಬೇಕಾದರೆ, ಕನ್ನಡದಲ್ಲಿ ಓದಿ ತಿಳಿಸಿದವರ ಹೆಸರನ್ನು ಅದರಲ್ಲಿಯೇ ಕಾಣಿಸಿರಿ. ಪಾಲಿನ ಆಸೆಯಿಲ್ಲದ, ನಿಮಗಿಂತ ಕಿರಿಯರಾದ ಇಬ್ಬರನ್ನು ಸಾಕ್ಷಿ ಮಾಡಿರಿ. ಪೆಟ್ಟಿಗೆಯಲ್ಲಿ ಕಾಗದ ಭದ್ರವಾಗಿದ್ದು ಸಾಕ್ಷಿಗಳೇ ಗತಿಸಿದ್ದರೆ, ಸಹಿಯನ್ನೂ ಕೈಬರಹವನ್ನೂ ಗುರುತಿಸುವವರನ್ನು ಹುಡುಕಿಕೊಂಡು ಮಕ್ಕಳು ಊರೂರು ಅಲೆಯಬೇಕಾದೀತು.